ನಾಲ್ಕು ಮಾತಿನ ಕಾಲಯಾನ

ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಸಾಗುವ ಯಂತ್ರ, ಬೇರೆ ಲೋಕದ ಜೀವಿಗಳು, ಹೇಳಿದ ಕೆಲಸ ಮಾಡುವ ಯಂತ್ರಮಾನವ. ಈ ಮೂರೂ ಒಂದೆಡೆ ಸೇರಿದರೆ ಅದನ್ನು ನಾವು ವೈಜ್ಞಾನಿಕ ಕಥೆ ಎನ್ನುತ್ತೇವೆ. ಇಂಗ್ಲೆಂಡಿನ ಎಚ್. ಜಿ. ವೆಲ್ಸ್ 1895ರಲ್ಲಿ ‘ದಿ ಟೈಮ್ ಮಷೀನ್’ ಕಾದಂಬರಿಯನ್ನು ಪ್ರಕಟಿಸಿದ ಮೇಲೆ ಇಂಥ ಕಥೆಗಳು ಪುಸ್ತಕದಿಂದ ಬೆಳ್ಳಿತೆರೆಗೆ, ಬಾನುಲಿಗೆ, ಕಿರುತೆರೆಗೆ ಹಬ್ಬಿದವು.

ವೆಲ್ಸ್‌ಗಿಂತ ಎಷ್ಟೋ ಶತಮಾನಗಳ ಹಿಂದೆಯೇ ನಮ್ಮ ಭಾಗವತ, ವಿಷ್ಣುಪುರಾಣಗಳಲ್ಲಿ ರೈವತ ಕಕುದ್ಮಿ ಎಂಬ ರಾಜನ ಕಥೆ ಬರುತ್ತದೆ. ಮಗಳು ರೇವತಿಗೆ ತಕ್ಕ ವರ ಯಾರೆಂದು ಕೇಳಲು ಅವನು ಆಕೆಯನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಗಂಧರ್ವರ ಗಾನ ನಡೆದಿತ್ತು. ಮುಗಿಯಲೆಂದು ಕಾದು, ಕೇಳುತ್ತಾ ನಿಂತ. ಹಾಡು ಮುಗಿದಾಗ ಬ್ರಹ್ಮ ನಕ್ಕು ಹೇಳಿದ ಮಾತಿನ ಸಾರ ಇಷ್ಟು: ನೀನು ಹಾಡು ಕೇಳುವಷ್ಟರಲ್ಲಿ ಭೂಮಿಯ ಮೇಲೆ ಇಪ್ಪತ್ತೇಳು ಚತುರ್ಯುಗಗಳು ಕಳೆದವು, ನೀನು ಮನಸ್ಸಿನಲ್ಲಿಟ್ಟುಕೊಂಡ ವರಗಳಲ್ಲಿ ಯಾರೂ ಈಗ ಉಳಿದಿಲ್ಲ. ಹಾಡೊಂದು ಕಾಲವನ್ನು ದಾಟಿಸಿದ ಕಥೆ ಇದು.

ಪುರಾಣವನ್ನು ವಿಜ್ಞಾನವೆಂದು ಸಾಧಿಸುವುದು ಈ ಲೇಖನದ ಉದ್ದೇಶವಲ್ಲ. ಧ್ವನಿಗೂ ಕಾಲಕ್ಕೂ ನಂಟಿದೆ ಎಂಬ ಕಲ್ಪನೆ ನಮಗೆ ಹೊಸದಲ್ಲ ಎಂದು ತೋರಿಸುವುದಷ್ಟೇ ಉದ್ದೇಶ. ಆ ಕಲ್ಪನೆ ನಿಜವಾದ ಒಂದು ಸಂದರ್ಭವೂ ಇದೆ. ಅದರಲ್ಲಿ ಯಂತ್ರಮಾನವನುಂಟು, ಅನ್ಯಲೋಕದ ಕೇಳುಗನ ನಿರೀಕ್ಷೆಯುಂಟು, ಸಾವಿರಾರು ವರ್ಷಗಳ ಪಯಣವುಂಟು. ಅದರಲ್ಲಿ ಕನ್ನಡಕ್ಕೂ ಒಂದು ಪಾತ್ರವಿದೆ: ಕೆಲವೇ ಸೆಕೆಂಡುಗಳ, ನಾಲ್ಕೇ ಮಾತುಗಳ ಪಾತ್ರ.

ಹೊರಟ ಯಂತ್ರಗಳು

ಅಮೆರಿಕದ ನಾಸಾ ಸಂಸ್ಥೆ 1977ರ ಆಗಸ್ಟ್ 20ರಂದು ವಾಯೇಜರ್-2 ಎಂಬ ವ್ಯೋಮನೌಕೆಯನ್ನೂ ಸೆಪ್ಟೆಂಬರ್ 5ರಂದು ವಾಯೇಜರ್-1ನ್ನೂ ಉಡಾಯಿಸಿತು. ನಂತರ ಹೊರಟ ವಾಯೇಜರ್-1 ಹತ್ತಿರದ ದಾರಿ ಹಿಡಿದು ಮೊದಲು ತಲುಪಿತು. 1979ರಲ್ಲಿ ಗುರು, 1980ರಲ್ಲಿ ಶನಿ. ವಾಯೇಜರ್-2 ಇವೆರಡನ್ನೂ ಕಂಡು 1986ರಲ್ಲಿ ಯುರೇನಸ್, 1989ರಲ್ಲಿ ನೆಪ್ಚೂನ್ ಗ್ರಹಗಳ ಬಳಿ ಹಾದುಹೋಯಿತು.

ಈ ನೌಕೆಗಳಲ್ಲಿ ಮನುಷ್ಯರಿಲ್ಲ. ಭೂಮಿಯಿಂದ ಹೊರಟ ಆಜ್ಞೆ ಅಲ್ಲಿಗೆ ಮುಟ್ಟಲು ಗಂಟೆಗಟ್ಟಲೆ ಬೇಕು. ಆದ್ದರಿಂದ ತನ್ನ ದೋಷವನ್ನು ತಾನೇ ಗುರುತಿಸಿ, ತನ್ನನ್ನು ತಾನೇ ಸುರಕ್ಷಿತ ಸ್ಥಿತಿಗೆ ತಂದುಕೊಳ್ಳುವ ಸಾಮರ್ಥ್ಯವನ್ನು ಇವುಗಳಿಗೆ ಕೊಡಲಾಗಿದೆ. ಕೈಕಾಲುಗಳಿಲ್ಲದಿದ್ದರೂ ಇವನ್ನು ಯಂತ್ರಮಾನವರೆನ್ನಲು ಅಡ್ಡಿಯಿಲ್ಲ. ಇಷ್ಟೆಲ್ಲ ಮಾಡುವ ಗಣಕಗಳ ಒಟ್ಟು ಸ್ಮರಣಶಕ್ತಿ ಸುಮಾರು 70 ಕಿಲೋಬೈಟ್ ಮಾತ್ರ. ನಿಮ್ಮ ಮೊಬೈಲಿನ ಒಂದು ಛಾಯಾಚಿತ್ರ ಇದಕ್ಕಿಂತ ಹೆಚ್ಚು ಜಾಗ ಬೇಡುತ್ತದೆ!

ಇವು ಎಷ್ಟು ದೂರ ಹೋಗಿವೆ? ಅಂಕಿಗಳನ್ನು ಹೇಳಿದರೆ ಮನಸ್ಸಿಗೆ ನಿಲ್ಲುವುದಿಲ್ಲ. ನಮ್ಮ ಬೆಂಗಳೂರಿನ ದಕ್ಷಿಣ ಭಾಗದಲ್ಲೇ ಅಳೆದು ನೋಡೋಣ. ಜಯನಗರದ ಬಾಗಿಲಿನಂತಿರುವ ಸೌತ್ ಎಂಡ್ ವೃತ್ತದಲ್ಲಿ ಸೂರ್ಯನನ್ನು ಇಡಿ. ಭೂಮಿಯನ್ನು ಅಲ್ಲಿಂದ ಒಂದು ಮೀಟರ್ ದೂರದಲ್ಲಿಡಿ. ಆಗ ನೆಪ್ಚೂನ್ 30 ಮೀಟರ್ ದೂರದಲ್ಲಿರುತ್ತದೆ. 2025ರ ಹೊತ್ತಿಗೆ ವಾಯೇಜರ್-1 ತಲುಪಿದ್ದು ಸುಮಾರು 167 ಮೀಟರ್. ಅಂದರೆ ವೃತ್ತದಿಂದ ಹೊರಟು ಎರಡು ಮೂರು ಅಡ್ಡರಸ್ತೆ ದಾಟಿದೆ, ಅಷ್ಟೇ. ನಿಜವಾದ ಲೆಕ್ಕದಲ್ಲಿ ಅದು 2,400 ಕೋಟಿ ಕಿಲೋಮೀಟರಿಗೂ ಹೆಚ್ಚು. ಬೆಳಕಿನ ವೇಗದಲ್ಲಿ ಬರುವ ರೇಡಿಯೋ ಸಂಕೇತಕ್ಕೂ ಸುಮಾರು 23 ಗಂಟೆಯ ಹಾದಿ. ಇದೇ ಅಳತೆಯಲ್ಲಿ ಸೂರ್ಯನಿಗೆ ಅತಿ ಸಮೀಪದ ನಕ್ಷತ್ರ ಎಲ್ಲಿರುತ್ತದೆ? ಸುಮಾರು 268 ಕಿಲೋಮೀಟರ್ ದೂರದಲ್ಲಿ, ಹೆಚ್ಚುಕಡಿಮೆ ದಾವಣಗೆರೆಯಲ್ಲಿ. ನಮ್ಮ ನೌಕೆ ವರ್ಷಕ್ಕೆ ಮೂರೂವರೆ ಮೀಟರ್‌ನಷ್ಟು ಮುಂದೆ ಸಾಗುತ್ತಿದೆ! ಸುಮಾರು ನಲವತ್ತು ಸಾವಿರ ವರ್ಷಗಳ ನಂತರ ಅದು ಗ್ಲೀಸ್ 445 ಎಂಬ ನಕ್ಷತ್ರದಿಂದ ಒಂದೂವರೆ ಜ್ಯೋತಿರ್ವರ್ಷಕ್ಕಿಂತ ಸ್ವಲ್ಪ ಹೆಚ್ಚಿನ ಅಂತರದಲ್ಲಿ ಹಾದುಹೋಗಲಿದೆ.

‘ಕನ್ನಡಿಗರ ಪರವಾಗಿ’

ಎರಡೂ ನೌಕೆಗಳ ಪಕ್ಕಕ್ಕೆ ಒಂದೊಂದು ಧ್ವನಿಮುದ್ರಿಕೆಯನ್ನು ಬಿಗಿಯಲಾಗಿದೆ. 12 ಅಂಗುಲ ವ್ಯಾಸದ, ಚಿನ್ನದ ಲೇಪವಿರುವ ತಾಮ್ರದ ತಟ್ಟೆ ಅದು. ಎಂದಾದರೂ ಯಾವುದಾದರೂ ಬುದ್ಧಿಜೀವಿಗಳು ಈ ನೌಕೆಯನ್ನು ಹಿಡಿದರೆ ಭೂಮಿಯ ಬಗ್ಗೆ ತಿಳಿಯಲಿ ಎಂಬುದು ಉದ್ದೇಶ. ಅದರಲ್ಲಿ ಏನಿರಬೇಕೆಂದು ಆರಿಸಿದ ಸಮಿತಿಗೆ ಕಾರ್ನೆಲ್ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಮುಖ್ಯಸ್ಥರು. 115 ಚಿತ್ರಗಳು, ಮಳೆ, ಗಾಳಿ, ಹಕ್ಕಿಗಳ ಸದ್ದು, ಸುಮಾರು 90 ನಿಮಿಷಗಳ ಸಂಗೀತ ಮತ್ತು 55 ಭಾಷೆಗಳ ವಂದನೆಗಳು ಅದರಲ್ಲಿ ಸೇರಿದವು.

ಸಂಗೀತದಲ್ಲಿ ಭಾರತದ ಪಾಲು ಕೇಸರಬಾಯಿ ಕೇರ್ಕರ್ ಅವರು ಹಾಡಿದ ಭೈರವಿ. ಅವರು ಉಸ್ತಾದ್ ಅಲ್ಲಾದಿಯಾ ಖಾನರ ಶಿಷ್ಯೆ. ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರರು ಕಲಿತದ್ದು ಅದೇ ಖಾನ್ ಸಾಹೇಬರ ಮಕ್ಕಳಾದ ಮಂಜಿ ಖಾನ್ ಮತ್ತು ಭೂರ್ಜಿ ಖಾನರ ಬಳಿ. ಹೀಗೆ, ಮನಸೂರರ ಗಾಯನ ಕೇಳಿದ ಕನ್ನಡಿಗನಿಗೆ ಆ ಮುದ್ರಿಕೆಯ ಗಾಯನ ಅಪರಿಚಿತ ಮನೆತನದ್ದಲ್ಲ. ವಾಯೇಜರ್-1 ಹೊರಟ ಹನ್ನೊಂದನೆಯ ದಿನ, 1977ರ ಸೆಪ್ಟೆಂಬರ್ 16ರಂದು ಕೇಸರಬಾಯಿ ತೀರಿಕೊಂಡರು. ಅವರ ದನಿ ಆಗಲೇ ಹೊರಟಾಗಿತ್ತು.

ವಂದನೆಗಳನ್ನು ಒಟ್ಟುಗೂಡಿಸಿದವರು ಲಿಂಡಾ ಸಾಲ್ಜ್‌ಮನ್ ಸೇಗನ್. ಕಾರ್ನೆಲ್‌ನಲ್ಲಿ ಸಿಕ್ಕವರನ್ನು ಕರೆದು ಮಾತನಾಡಿಸಿದರು. ಅವರಿಗೆ ಕೊಟ್ಟ ಸೂಚನೆ ಎರಡೇ: ಅನ್ಯಲೋಕದ ಜೀವಿಗಳಿಗೆ ವಂದನೆಯಾಗಿರಬೇಕು, ಚಿಕ್ಕದಾಗಿರಬೇಕು. ಸುಮೇರಿಯನ್, ಅಕ್ಕಾಡಿಯನ್, ಹಿಟ್ಟೈಟ್ ಮುಂತಾದ, ಯಾರೂ ಮನೆಯಲ್ಲಿ ಆಡದ ಭಾಷೆಗಳೂ ಅದರಲ್ಲಿವೆ. ಸಾವಿರಾರು ವರ್ಷ ಹಿಂದಿನ ನುಡಿಯನ್ನು ಸಾವಿರಾರು ವರ್ಷ ಮುಂದಕ್ಕೆ ಕಳಿಸಿದ್ದಾರೆ! ಭಾರತದಲ್ಲಿ ಆಡುವ ಭಾಷೆಗಳಲ್ಲಿ ಹಿಂದಿ, ಉರ್ದು, ಬಂಗಾಳಿ, ಪಂಜಾಬಿ, ಗುಜರಾತಿ, ಮರಾಠಿ, ಒರಿಯಾ, ರಾಜಸ್ಥಾನಿ, ತೆಲುಗು ಹಾಗೂ ಕನ್ನಡ ಸೇರಿವೆ.

ಕನ್ನಡದಲ್ಲಿ ಮಾತನಾಡಿದವರು ಶ್ರೀನಿವಾಸ ಕೆ. ಉಪಾಧ್ಯಾಯ. ಅವರು ಹೇಳಿದ್ದು: ‘ನಮಸ್ತೆ. ಕನ್ನಡಿಗರ ಪರವಾಗಿ ಶುಭಾಶಯಗಳು.’ ಎಣಿಸಿದರೆ ನಾಲ್ಕೇ ಪದ. ಮೈಸೂರು ರಾಜ್ಯ ಕರ್ನಾಟಕವೆಂಬ ಹೆಸರು ಪಡೆದು ಆಗ ನಾಲ್ಕು ವರ್ಷವೂ ತುಂಬಿರಲಿಲ್ಲ. 1971ರ ಜನಗಣತಿಯ ಪ್ರಕಾರ ಕನ್ನಡವನ್ನು ತಾಯ್ನುಡಿ ಎಂದವರು ಸುಮಾರು 2 ಕೋಟಿ 17 ಲಕ್ಷ. ಅಷ್ಟು ಜನರ ಪರವಾಗಿ ಒಬ್ಬ ವ್ಯಕ್ತಿ, ಯಾವ ಸಭೆಯ ನಿರ್ಣಯವೂ ಇಲ್ಲದೆ, ದೂರದೇಶದ ಒಂದು ಕೊಠಡಿಯಲ್ಲಿ ಮಾತನಾಡಿದರು.

ಈ ನಾಲ್ಕು ಪದಗಳನ್ನು ಸ್ವಲ್ಪ ಗಮನಿಸಿ. ಇದು ವೇದಿಕೆಯ ಕನ್ನಡ. ರಾಜ್ಯೋತ್ಸವದ ದಿನ ಧ್ವನಿವರ್ಧಕದ ಮುಂದೆ ನಿಂತವರು ಆಡುವ ಕನ್ನಡ. ಅದೇ ಮುದ್ರಿಕೆಯಲ್ಲಿ ದಕ್ಷಿಣ ಚೀನಾದ ಅಮಾಯ್ ನುಡಿಯವರು ಬಾಹ್ಯಾಕಾಶದ ಗೆಳೆಯರನ್ನು ಊಟವಾಯಿತೇ ಎಂದು ವಿಚಾರಿಸಿ, ಬಿಡುವಾದಾಗ ಬನ್ನಿ ಎಂದು ಕರೆದಿದ್ದಾರೆ. ‘ಊಟ ಆಯ್ತಾ?’ ಎನ್ನುವುದು ನಮ್ಮ ಬೀದಿಬೀದಿಯ ವಂದನೆಯೂ ಹೌದಲ್ಲವೇ? ಆದರೆ ನಮ್ಮ ಪರವಾಗಿ ಹೋದದ್ದು ಸಭಾಮರ್ಯಾದೆಯ ಮಾತು. ಇದು ತಪ್ಪೆಂದಲ್ಲ. ಮೈಕಿನ ಮುಂದೆ ಕುಳಿತ ಕೂಡಲೇ ಮನೆಯ ಮಾತನ್ನು ಬದಿಗಿಟ್ಟು ಗ್ರಂಥದ ಮಾತಿಗೆ ಬದಲಾಗುವುದು ಎಂಥವರಿಗೂ ಸಹಜ. ಸ್ಟುಡಿಯೋದಲ್ಲಿ ಕೆಲಸ ಮಾಡುವ ನಾವು ಇದನ್ನು ದಿನವೂ ಕಾಣುತ್ತೇವೆ. ಮನೆಮಾತು ಮುದ್ರಣಕ್ಕೆ ಸಿಗುವುದು ಕಷ್ಟ ಎಂಬುದನ್ನು ಇಲ್ಲಿ ನೆನಪಿಡೋಣ.

ಕೇಳುವವರಿಗೆ ಸೂಚನೆ

ಮುದ್ರಿಕೆಯನ್ನು ಕಳಿಸಿದರೆ ಸಾಲದು. ಕೇಳುವ ಬಗೆಯನ್ನೂ ತಿಳಿಸಬೇಕು. ಅನ್ಯಜೀವಿಗೆ ನಮ್ಮ ಭಾಷೆ ಬಾರದು, ನಮ್ಮ ಸೆಕೆಂಡು ಗೊತ್ತಿಲ್ಲ. ಹಾಗಾಗಿ ಮುದ್ರಿಕೆಯ ಜೊತೆಗೆ ಅದನ್ನು ನುಡಿಸುವ ಮುಳ್ಳನ್ನೂ ಇಟ್ಟರು. ಮೇಲಿನ ಅಲ್ಯೂಮಿನಿಯಂ ಹೊದಿಕೆಯ ಮೇಲೆ ಚಿತ್ರಗಳಲ್ಲಿ ವಿವರ ಕೊರೆದರು. ಕಾಲದ ಮೂಲಮಾನವಾಗಿ ಆರಿಸಿದ್ದು ಹೈಡ್ರೋಜನ್ ಪರಮಾಣುವಿನ ಒಂದು ಸ್ಥಿತಿಬದಲಾವಣೆಯ ಅವಧಿ: ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ 0.70ರಷ್ಟು. ವಿಶ್ವದಲ್ಲಿ ಎಲ್ಲೆಡೆ ಇರುವ ಹೈಡ್ರೋಜನ್ ಎಲ್ಲರಿಗೂ ಒಂದೇ ಗಡಿಯಾರ. ಮುದ್ರಿಕೆ ಒಂದು ಸುತ್ತು ತಿರುಗಲು 3.6 ಸೆಕೆಂಡು ಬೇಕು ಎಂಬುದನ್ನು ಈ ಮಾನದಲ್ಲೇ ಬರೆಯಲಾಗಿದೆ.

ವಿಳಾಸವೂ ಇದೆ. 14 ಪಲ್ಸಾರ್‌ಗಳ ನಡುವೆ ನಮ್ಮ ಸೂರ್ಯ ಎಲ್ಲಿದ್ದಾನೆಂದು ನಕ್ಷೆ ತೋರಿಸುತ್ತದೆ. ಪಲ್ಸಾರ್ ಎಂದರೆ ನಿಯತಕಾಲಕ್ಕೆ ರೇಡಿಯೋ ಮಿಡಿತ ಬೀರುವ ನಕ್ಷತ್ರ. 1967ರಲ್ಲಿ ಜೋಸೆಲಿನ್ ಬೆಲ್ ಮೊದಲು ಗುರುತಿಸಿದ್ದು. ಈ ಮಿಡಿತ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಆದ್ದರಿಂದ ನಕ್ಷೆಯಲ್ಲಿ ಬರೆದ ಮಿಡಿತಕ್ಕೂ ತಮಗೆ ಕೇಳುವ ಮಿಡಿತಕ್ಕೂ ಇರುವ ಅಂತರದಿಂದ ನೌಕೆ ಹೊರಟ ಕಾಲವನ್ನು ಅವರು ಲೆಕ್ಕಹಾಕಬಹುದು. ಸಾಲದ್ದಕ್ಕೆ, ಹೊದಿಕೆಯ ಮೇಲೆ ಶುದ್ಧ ಯುರೇನಿಯಂ-238ರ ಚಿಕ್ಕ ಲೇಪವಿದೆ. ಅದರಲ್ಲಿ ಅರ್ಧ ಭಾಗ ಬೇರೆ ಧಾತುವಾಗಿ ಬದಲಾಗಲು ಸುಮಾರು 450 ಕೋಟಿ ವರ್ಷ ಬೇಕು. ಎಷ್ಟು ಉಳಿದಿದೆ ಎಂದು ಅಳೆದರೆ ಎಷ್ಟು ಕಾಲ ಕಳೆದಿದೆ ಎಂದು ತಿಳಿಯುತ್ತದೆ.

ಏನು, ಎಲ್ಲಿಂದ, ಯಾವಾಗ, ಹೇಗೆ ಕೇಳಬೇಕು: ಈ ನಾಲ್ಕೂ ಧ್ವನಿಯ ಜೊತೆಗೇ ಹೋಗಿವೆ. ಕತೆಯ ಕಾಲಯಂತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ಇದು ಒಂದೇ ದಿಕ್ಕಿಗೆ, ಮುಂದಕ್ಕೆ ಮಾತ್ರ ಸಾಗುತ್ತದೆ.

ಕಲ್ಲು ಉಳಿಸದೇ ಹೋದದ್ದು

ಇಂಥ ಯಂತ್ರ ಮನುಷ್ಯನ ಕೈಗೆ ಸಿಕ್ಕಿ ಹೆಚ್ಚು ಕಾಲವಾಗಿಲ್ಲ. ಬಿಟಿಎಂ ಬಡಾವಣೆಯಿಂದ ದಕ್ಷಿಣಕ್ಕೆ ಕೆಲವು ಕಿಲೋಮೀಟರ್ ಹೋದರೆ ಬೇಗೂರು. ಅಲ್ಲಿನ ದೇವಾಲಯದ ಆವರಣದಲ್ಲಿ ಸಿಕ್ಕಿದ, ಗಂಗರ ಕಾಲದ, ಸುಮಾರು ಕ್ರಿ.ಶ. 900ರ ವೀರಗಲ್ಲು ಶಾಸನದಲ್ಲಿ ಬೆಂಗಳೂರಿನ ಕಾಳಗವೊಂದರ ಉಲ್ಲೇಖವಿದೆ. ಹಾಸನ ಜಿಲ್ಲೆಯ ಹಲ್ಮಿಡಿ ಶಾಸನ ಅದಕ್ಕಿಂತಲೂ ಹಳೆಯದು, ಸುಮಾರು ಕ್ರಿ.ಶ. 450ರದು. ಅಕ್ಷರವನ್ನು ಕಲ್ಲು ಕಾಪಾಡಿತು. ಆದರೆ ಆ ಕಾಳಗದಲ್ಲಿ ಸತ್ತವನ ತಾಯಿ ಯಾವ ರಾಗದಲ್ಲಿ ಅತ್ತಳು, ಅಂದಿನ ಬೆಂಗಳೂರಿನ ಮಗು ಅಮ್ಮನನ್ನು ಹೇಗೆ ಕೂಗಿತು ಎಂಬುದನ್ನು ಯಾವ ಕಲ್ಲೂ ಹೇಳದು.

1877ರಲ್ಲಿ ಥಾಮಸ್ ಆಲ್ವ ಎಡಿಸನ್ ಫೋನೋಗ್ರಾಫ್ ಕಂಡುಹಿಡಿದರು. ವಾಯೇಜರ್ ಹಾರಿದ್ದು ಸರಿಯಾಗಿ ನೂರು ವರ್ಷದ ನಂತರ. ಎಡಿಸನ್ ತವರದ ಹಾಳೆಯ ಮೇಲೆ ಮೊದಲು ಮುದ್ರಿಸಿದ ಮಕ್ಕಳ ಪದ್ಯ ಈಗ ಉಳಿದಿಲ್ಲ. ಸೋಜಿಗದ ಸಂಗತಿಯೆಂದರೆ, ಫ್ರಾನ್ಸಿನ ಸ್ಕಾಟ್ ಡಿ ಮಾರ್ಟಿನ್‌ವಿಲ್ ಎಂಬಾತ 1860ರಲ್ಲೇ ಮಸಿ ಹಿಡಿದ ಕಾಗದದ ಮೇಲೆ ಧ್ವನಿಯ ಗೆರೆಗಳನ್ನು ಮೂಡಿಸಿದ್ದ. ಅದನ್ನು ಮರಳಿ ನುಡಿಸುವ ಸಾಧನ ಅವನಲ್ಲಿರಲಿಲ್ಲ. 2008ರಲ್ಲಿ ಗಣಕದ ನೆರವಿನಿಂದ ಆ ಗೆರೆಗಳು ಹಾಡಿದವು. ಕಾಗದವನ್ನು ಯಾರೋ ಜೋಪಾನವಾಗಿ ಇಟ್ಟಿದ್ದರಿಂದ 148 ವರ್ಷದ ಬಳಿಕ ಕೇಳುಗ ಸಿಕ್ಕ.

ಭಾರತದ ಮೊದಲ ಗ್ರಾಮಫೋನ್ ಗಾಯಕಿಯರಲ್ಲಿ ಒಬ್ಬರಾದ ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದರು. ಹಾಡು ಮುಗಿದೊಡನೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಜರ್ಮನಿಯಲ್ಲಿ ತಟ್ಟೆ ಅಚ್ಚೊತ್ತುವವರಿಗೆ ಇದು ಯಾರ ದನಿಯೆಂದು ತಿಳಿಯಲಿ ಎಂದು. ಆಕೆಯ ಕೊನೆಯ ದಿನಗಳು ಮೈಸೂರಿನ ಆಸ್ಥಾನ ಗಾಯಕಿಯಾಗಿ ಕಳೆದವು. 1930ರಲ್ಲಿ ಮೈಸೂರಿನಲ್ಲೇ ನಿಧನರಾದರು. ಅದೇ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದ ದೇಶಕ್ಕೆಲ್ಲ ಹಬ್ಬಿತು. ಆದರೆ ಆ ಕಾಲದ ಪ್ರಸಾರ ನೇರ ಪ್ರಸಾರ. ಮುದ್ರಿಸಿ ಇಡದ ಮಾತು ಆಡಿದ ಕ್ಷಣವೇ ಗಾಳಿಗೆ ಸೇರುತ್ತದೆ.

ಅಳಿಸಿದ ಟೇಪುಗಳು

ಮುದ್ರಣ ಬಂದ ಮೇಲಾದರೂ ಎಲ್ಲ ಉಳಿಯಿತೇ? ಇಲ್ಲ. ಕಿರುತೆರೆಯ ಇತಿಹಾಸದ ಒಂದು ಪ್ರಸಂಗ ಇಲ್ಲಿ ಪಾಠವಾಗಬಲ್ಲದು. ಬ್ರಿಟನ್ನಿನ ಬಿಬಿಸಿ 1963ರ ನವೆಂಬರ್ 23ರಂದು ‘ಡಾಕ್ಟರ್ ಹೂ’ ಎಂಬ ಧಾರಾವಾಹಿ ಆರಂಭಿಸಿತು. ಕಾಲಯಾನ, ಅನ್ಯಲೋಕದವರು, ಯಂತ್ರರೂಪಿ ಶತ್ರುಗಳು ಎಲ್ಲ ಇದ್ದ ಕಥೆ. ಆಗ ವಿಡಿಯೋ ಟೇಪು ಬಹಳ ದುಬಾರಿ. ಅಳಿಸಿ ಮತ್ತೆ ಬಳಸುವುದು ವಾಡಿಕೆ. ಚಿತ್ರಸುರುಳಿಯ ಪ್ರತಿಗಳನ್ನೂ ಜಾಗ ಸಾಲದೆಂದು ಬಿಸಾಡಿದರು. ಹೀಗೆ 1960ರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಕಳೆದುಹೋಯಿತು. ಕಾಲದ ಒಡೆಯನ ಕಥೆಯೇ ಕಾಲದ ಬಾಯಿಗೆ ಬಿದ್ದಿತು.

ಆದರೆ ಕಳೆದುಹೋದ ಪ್ರತಿಯೊಂದು ಕಂತಿನ ಧ್ವನಿ ಇಂದಿಗೂ ಉಳಿದಿದೆ. ಉಳಿಸಿದವರು ಯಾವ ಸಂಗ್ರಹಾಲಯದವರೂ ಅಲ್ಲ. ಮನೆಯಲ್ಲಿ ಕುಳಿತು ನೋಡುತ್ತಿದ್ದ ಅಭಿಮಾನಿಗಳು, ಅವರಲ್ಲಿ ಕೆಲವರು ಚಿಕ್ಕ ವಯಸ್ಸಿನವರು. ಮತ್ತೊಮ್ಮೆ ಕೇಳುವ ಆಸೆಯಿಂದ ಟಿವಿಯ ಬಳಿ ಟೇಪ್ ರೆಕಾರ್ಡರ್ ಇಟ್ಟು ಮುದ್ರಿಸಿಕೊಂಡಿದ್ದರು. ಸಂಸ್ಥೆ ಅಳಿಸಿದ್ದನ್ನು ಮನೆಗಳು ಕಾಪಾಡಿದವು. ಒಂದು ದೃಶ್ಯಕಥೆ ಹೀಗೆ ಶ್ರವ್ಯಕಥೆಯಾಗಿ ಬದುಕಿತು.

ನಮ್ಮ ಪಾಲಿನ ಕೆಲಸ

ವಾಯೇಜರ್‌ಗಳ ಆಯುಷ್ಯವೂ ಮುಗಿಯುತ್ತ ಬಂದಿದೆ. ವಾಯೇಜರ್-1 2012ರಲ್ಲಿ, ವಾಯೇಜರ್-2 2018ರಲ್ಲಿ ಸೌರಮಾರುತದ ಮೇರೆಯನ್ನು ದಾಟಿ ನಕ್ಷತ್ರಗಳ ನಡುವಿನ ಬಯಲಿಗೆ ಕಾಲಿಟ್ಟವು. 2023ರ ನವೆಂಬರಿನಲ್ಲಿ ವಾಯೇಜರ್-1ರ ಗಣಕದ ಸ್ಮರಣೆಯ ಒಂದು ಭಾಗ ಕೆಟ್ಟು ಅರ್ಥವಿಲ್ಲದ ಸಂಕೇತ ಬರತೊಡಗಿತು. ಭೂಮಿಯಿಂದಲೇ ಆಜ್ಞೆ ಕಳಿಸಿ 2024ರಲ್ಲಿ ಸರಿಪಡಿಸಿದರು. ಪ್ಲುಟೋನಿಯಂನಿಂದ ಸಿಗುವ ವಿದ್ಯುತ್ತು ವರ್ಷಕ್ಕೆ ಸುಮಾರು 4 ವಾಟ್‌ನಂತೆ ಇಳಿಯುತ್ತಿದೆ. ಒಂದು ದಿನ ಯಂತ್ರ ಮೂಕವಾಗುವುದು ಖಚಿತ. ಮುದ್ರಿಕೆಗೆ ಮಾತ್ರ ವಿದ್ಯುತ್ತು ಬೇಡ. ಅಂದಾಜಿನ ಪ್ರಕಾರ ಅದು ನೂರು ಕೋಟಿ ವರ್ಷವಾದರೂ ಉಳಿಯಬಲ್ಲದು. ಆ ಹೊತ್ತಿಗೆ ಕನ್ನಡ ಎಂಬುದಿತ್ತು ಎನ್ನಲು ಆ ನಾಲ್ಕು ಪದಗಳೇ ಸಾಕ್ಷಿಯಾಗಬಹುದು.

ಉಳಿದ ಕನ್ನಡದ ಗತಿ? ದೂರ ಹೋಗಬೇಡಿ. ಬಿಟಿಎಂ ಎಂಬ ಮೂರಕ್ಷರದೊಳಗೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳಿವೆ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ಮೇಲೆ ಯಡಿಯೂರು, ಸಾರಕ್ಕಿ, ಕದಿರೇನಹಳ್ಳಿಗಳ ಸುತ್ತ ನಗರ ಬೆಳೆಯಿತು. ಅಲ್ಲಿ ರಾಗಿ ಬೆಳೆದದ್ದನ್ನೂ ಕೆರೆ ಕೋಡಿ ಬಿದ್ದದ್ದನ್ನೂ ಕಂಡ ಹಿರಿಯರು ಇನ್ನೂ ಕೆಲವರಿದ್ದಾರೆ. ಬನಶಂಕರಿಯ ಒಂದು ಮನೆಯಲ್ಲಿ ಕುಂದಾಪುರದ ಅಜ್ಜಿ, ಜೆ.ಪಿ. ನಗರದ ಇನ್ನೊಂದರಲ್ಲಿ ಗದಗಿನ ಅಜ್ಜ ಇರಬಹುದು. ಅವರ ಮಾತಿನ ವರಸೆ ಮೊಮ್ಮಕ್ಕಳ ಬಾಯಲ್ಲಿ ಉಳಿದಿರುವುದು ಅಪರೂಪ. ಹಲ್ಮಿಡಿಯ ಕಾಲದವರಿಗೆ ಇಲ್ಲದ ಸಾಧನ ಇಂದು ನಿಮ್ಮ ಜೇಬಿನಲ್ಲಿದೆ.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ಒಂದು ಗಂಟೆ ಇದಕ್ಕೆ ಮೀಸಲಿಡಿ. ಹಿರಿಯರನ್ನು ಮಾತನಾಡಿಸಿ, ಧ್ವನಿ ಮುದ್ರಿಸಿ. ಭಾಷಣ ಬೇಡ; ಅಡುಗೆ, ಹೊಲ, ಜಗಳ, ಜಾತ್ರೆಯ ಸುದ್ದಿ ಕೇಳಿ. ಮೊದಲ ಹತ್ತು ನಿಮಿಷ ಅವರು ಗ್ರಂಥದ ಮಾತು ಆಡುತ್ತಾರೆ, ಆಮೇಲೆ ಮನೆಮಾತು ತಾನಾಗಿ ಬರುತ್ತದೆ. ಮುದ್ರಣದ ಆರಂಭದಲ್ಲಿ ಹೆಸರು, ಊರು, ದಿನಾಂಕ ನೀವೇ ಹೇಳಿ. ಗೌಹರ್ ಜಾನ್ ಮಾಡಿದ್ದು ಅದನ್ನೇ. ಯಾರು ಕೇಳಬಹುದು, ಯಾರು ಕೇಳಬಾರದು ಎಂದು ಅವರ ಒಪ್ಪಿಗೆ ಪಡೆಯಿರಿ. ಎರಡು ಪ್ರತಿ ಮಾಡಿ ಎರಡು ಬೇರೆ ಜಾಗದಲ್ಲಿಡಿ. ಮನೆಯಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೆ ಎಸೆಯುವ ಮುನ್ನ ಒಮ್ಮೆ ಕೇಳಿಸಿಕೊಳ್ಳಿ; ತೇವಕ್ಕೆ ಬೂಷ್ಟು ಹಿಡಿದ ಟೇಪು ಹೆಚ್ಚು ದಿನ ಕಾಯುವುದಿಲ್ಲ. ವಾಯೇಜರ್ ಮುದ್ರಿಕೆಯ ವಂದನೆಗಳನ್ನು ನಾಸಾ ಸಾರ್ವಜನಿಕರಿಗೆ ಒದಗಿಸಿದೆ. ತರಗತಿಯಲ್ಲಿ ಆ ಕನ್ನಡವನ್ನು ಮೊದಲು ಕೇಳಿಸಿ, ನಂತರ ನಿಮ್ಮ ಅಜ್ಜಿಯ ಕನ್ನಡವನ್ನು ಕೇಳಿಸಿ. ಎರಡರ ನಡುವಿನ ಅಂತರವೇ ಒಂದು ಒಳ್ಳೆಯ ಪಾಠವಾದೀತು.

ಅನ್ಯಗ್ರಹದ ಕೇಳುಗ ಸಿಗುತ್ತಾನೋ ಇಲ್ಲವೋ ಹೇಳಲಾಗದು. ಆದರೆ ಐವತ್ತು ವರ್ಷದ ನಂತರ ಈ ನಗರದಲ್ಲೇ ಹುಟ್ಟಿ ಬೆಳೆದ ಒಬ್ಬ ಹುಡುಗಿ ತನ್ನ ಮುತ್ತಜ್ಜಿ ಹೇಗೆ ಮಾತನಾಡುತ್ತಿದ್ದಳು ಎಂದು ಕೇಳಿಯೇ ಕೇಳುತ್ತಾಳೆ. ಆಕೆಗೆ ಉತ್ತರ ಸಿಗುವುದೋ ಇಲ್ಲವೋ ಎಂಬುದು ಇಂದು ನಿಮ್ಮ ಕೈಯಲ್ಲಿದೆ.